ಪ್ರಗತಿ ವರದಿಯಿಂದ ಕಿತ್ತ ಎರಡು ಹಾಳೆ

ತಿಕೋಟಾ ಭಾಗದ ಅಂಕಿಅಂಶ ಸಂಗ್ರಹ ನನ್ನ ಪಾಲಿಗೆ ಬಂದಾಗ ನಿವೃತ್ತಿಗೆ ಎರಡೇ ವರ್ಷ ಉಳಿದಿತ್ತು. ಕಚೇರಿ ವಿಜಯಪುರದಲ್ಲಿ, ತಿರುಗಾಟ ಹಳ್ಳಿಗಳಲ್ಲಿ. ವರ್ಷದಲ್ಲಿ ಬೆಳೆದದ್ದು, ತಯಾರಾದದ್ದು ಎಲ್ಲಕ್ಕೂ ಬೆಲೆ ಕಟ್ಟಿ ‘ಒಟ್ಟು ಉತ್ಪನ್ನ’ ಎಂದು ಮೇಲಕ್ಕೆ ಕಳಿಸುವುದು ನಮ್ಮ ಕೆಲಸ. ಅದು ಏರಿದರೆ ಪ್ರಗತಿ. ಇದನ್ನೇ ನಂಬಿ ಸಂಬಳ ಉಂಡವನು ನಾನು.

ಆ ವರ್ಷ ಬಿಜ್ಜರಗಿ ಕಡೆಯ ಕೋಷ್ಟಕದಲ್ಲಿ ಮಾಂಸ ಉತ್ಪಾದನೆ ಒಮ್ಮೆಲೇ ಜಿಗಿದಿತ್ತು. ನಮ್ಮ ಸಾಹೇಬರಿಗೆ ಖುಷಿಯೋ ಖುಷಿ. ನನಗೆ ಅನುಮಾನ. ಹೋಗಿ ನೋಡಿದರೆ ಗಾಯರಾಣ, ಅಂದರೆ ಊರ ದನ-ಕುರಿ ಮೇಯುವ ಸರ್ಕಾರಿ ಜಾಗ, ಅರ್ಧ ಆಗಲೇ ಒಣದ್ರಾಕ್ಷಿ ಘಟಕಕ್ಕೆ ಹೋಗಿತ್ತು. ಉಳಿದರ್ಧವನ್ನೂ ಕೊಡುವ ಪ್ರಸ್ತಾವಕ್ಕೆ ತಕರಾರು ಸಲ್ಲಿಸಲು ಹದಿನೈದು ದಿನ ಗಡುವಿತ್ತು. ಮೇವಿಲ್ಲದೆ ಕುರಿಗಾರರು ಹಿಂಡನ್ನು ಕಸಾಯಿಯವರಿಗೆ ಮಾರುತ್ತಿದ್ದರು, ಗಬ್ಬದ ಕುರಿಗಳನ್ನೂ ಬಿಡದೆ. ಇದು ನಮ್ಮ ಪ್ರಗತಿ! ಥೂ ಅನ್ನಿಸಿತು.

ಅರವತ್ತು ಕುರಿಗಳಲ್ಲಿ ಇಪ್ಪತ್ತನ್ನಷ್ಟೇ ಉಳಿಸಿಕೊಂಡಿದ್ದ ಬೀರಪ್ಪ ಕೇಳಿದ: “ಮಾರಿದ್ದು ಬರಕೊಂಡ್ರಿ, ಉಳದದ್ದು ಎಲ್ಲಿ ಬರಕೋತೀರಿ? ಹೊಲದಾಗ ಕುರಿ ನಿಲ್ಲಿಸಿದ್ರ ಗೊಬ್ಬರ ಆಗತೈತಿ, ರೈತರು ಜೋಳ ಕೊಡ್ತಾರ. ನಿಮ್ಮ ಕಾಗದದಾಗ ಅದಕ್ಕ ಜಾಗಾನ ಇಲ್ಲೇನ್ರಿ?”

ಇರಲಿಲ್ಲ. ಮೂರು ದಿನ ಅವನ ಹಿಂದೆ ತಿರುಗಿ ವರದಿಗೆಂದು ಎರಡು ಹಾಳೆ ಬರೆದೆ. ಉಳಿದ ಮೇವು, ಉಳಿದ ಹಿಂಡು, ಗೊಬ್ಬರ, ಉಣ್ಣೆ, ಗಾಯರಾಣವನ್ನೇ ನಂಬಿದ ಮನೆಗಳು, ಎಲ್ಲ. ಊರು ಮುಂದೆ ಬಂತೋ ಇಲ್ಲವೋ ಎಂಬುದನ್ನು ಇವುಗಳಿಂದಲೂ ಅಳೆಯಬೇಕು ಎಂದು ಕೊನೆಗೆ ಸೇರಿಸಿದೆ. ಕುರಿಗಾರರು ತಕರಾರು ಅರ್ಜಿಗೆ ಹೆಬ್ಬೆಟ್ಟು ಒತ್ತಿ ಹೊರಟಿದ್ದರು. ನಾನೇ ತಡೆದೆ.

“ಅರ್ಜಿ ಯಾಕೋ ಬೀರಪ್ಪ? ನನ್ನ ವರದೀನ ಸಾಕು.”

ಎಂಥ ದೊಡ್ಡಸ್ತಿಕೆ ನನ್ನದು! ಪಾಪ, ನಂಬಿ ಮನೆಗೆ ಹೋದರು.

ಸಾಹೇಬರು ಆ ಎರಡು ಹಾಳೆಗಳನ್ನು ಕಿತ್ತು ಬದಿಗಿಟ್ಟರು. “ಇದಕ್ಕ ಕಾಲಂ ಇಲ್ಲ. ಛಲೋ ಬಂದಿದ್ದನ್ನ ಯಾಕ ಕೆಡಸ್ತೀರಿ?” ನಾನು ಜಗಳಾಡಿದೆ, ಆಮೇಲೆ ಸಹಿ ಹಾಕಿದೆ. ಪಿಂಚಣಿಯ ಹೆದರಿಕೆ, ಮತ್ತೇನಿಲ್ಲ. ಬೀರಪ್ಪನಿಗೆ ಹೇಳಲು ಮುಖವಿರಲಿಲ್ಲ. ಗಡುವು ಮುಗಿಯಿತು. ತಕರಾರು ಒಂದೂ ಬಂದಿಲ್ಲವೆಂದು ಬರೆದು ಜಾಗ ಕೊಟ್ಟುಬಿಟ್ಟರು.

ಮರುವರ್ಷ ಅದೇ ಮನೆಗೆ ಹೋದೆ. ಕುರಿ ಒಂದೂ ಇರಲಿಲ್ಲ. ಗಂಡ-ಹೆಂಡತಿ ಇಬ್ಬರೂ ಘಟಕದಲ್ಲಿ ದ್ರಾಕ್ಷಿ ಆರಿಸುವ ಕೂಲಿಗೆ ಹೋಗುತ್ತಿದ್ದರು. ನಮೂನೆಯ ಪ್ರಕಾರ ಆದಾಯ ಏರಿತ್ತು. ಬೀರಪ್ಪ ಕಟ್ಟೆಯ ಮೇಲೆ ಮುಖ ತಿರುಗಿಸಿ ಕೂತ. ಉತ್ತರ ಹೇಳಿದವಳು ಅವನ ಹೆಂಡತಿ ಮಾಳವ್ವ.

“ಮುಂದ ಬಂದೇವಿ ಅಂತ ಬರಕೊಳ್ರಿ ಸಾಹೇಬ್ರ. ಮೊದಲ ಮನ್ಯಾಗ ಹಿಂಡಿನಾಗಿನ ಆಡಿನ ಹಾಲ ಇತ್ತು, ಈಗ ಪಾಕೀಟ ತರತೇವಿ. ಅದನ್ನೂ ಬರಕೊಳ್ರಿ.”

ಬರೆದುಕೊಂಡೆ. ಲೆಕ್ಕ ಬರೆಯುವವನು ಜನರಿಗೆ ‘ನೀವು ಸುಮ್ಮನಿರಿ, ನಿಮ್ಮ ಪರವಾಗಿ ನಾನು ಹೇಳುತ್ತೇನೆ’ ಎನ್ನಬಾರದು. ನೌಕರಿ ನನಗೆ ಕಲಿಸಿದ್ದು ಇದು. ಕಲಿತವನು ನಾನು, ಬೆಲೆ ತೆತ್ತವನು ಬೀರಪ್ಪ.