ಮಿದುಳು ಮಾಮನ ಉತ್ತರ

ಆ ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಮಿದುಳು ಮಾಮ ಎನ್ನುತ್ತಿದ್ದರು. ಮಹಾ ಬುದ್ಧಿವಂತನೆಂದೇನಲ್ಲ. ವೈದ್ಯಕೀಯ ಕಾಲೇಜುಗಳಿಗೆ ಪ್ಲಾಸ್ಟಿಕ್ಕಿನ ಮೂಳೆ, ಹೃದಯ, ಮೂತ್ರಪಿಂಡ ಮಾಡಿ ಕಳಿಸುವ ಜಾಗ ಅದು. ಮಿದುಳಿನ ಮಾದರಿಗೆ ಬಣ್ಣ ಹಚ್ಚುವುದು ಇಪ್ಪತ್ತಾರು ವರ್ಷಗಳಿಂದ ಮಾಮನೊಬ್ಬನದೇ ಕೆಲಸ. ವಯಸ್ಸು ಐವತ್ತೊಂದು, ಮದುವೆಯಾಗಿಲ್ಲ. ಹೆಂಗಸರ ಮುಂದೆ ನಿಂತರೆ ನಾಲಿಗೆಯೇ ಹೊರಳುತ್ತಿರಲಿಲ್ಲ. ಮಿದುಳಿನ ವಿಷಯ ಬಂದರೆ ಮಾತ್ರ ಅವನನ್ನು ತಡೆಯುವವರಿಲ್ಲ.

ಮಾದರಿಗಳನ್ನು ನೋಡಿ ಒಪ್ಪಿಗೆ ಕೊಡಲು ಬರುವ ಡಾಕ್ಟರಮ್ಮ ಹೇಳಿಕೊಟ್ಟದ್ದನ್ನು ಸಿಕ್ಕಸಿಕ್ಕವರಿಗೆಲ್ಲ ಒಪ್ಪಿಸುತ್ತಿದ್ದ. "ಒಳಗಡೆ ಈ ಹಳದಿ ಬಾದಾಮಿ ಇದೆಯಲ್ಲ, ಭಯ ಆದ್ರೂ ಖುಷಿ ಆದ್ರೂ ಮೊದ್ಲು ಕುಣಿಯೋದು ಇದೇ. ಪಕ್ಕದಲ್ಲಿ ನೀಲಿ ಬಣ್ಣದ್ದು, ಸಮುದ್ರಕುದುರೆ ಥರ ಇರೋದು, ನೆನಪು ಬರೆದಿಡೋ ಗುಮಾಸ್ತ. ಬಾದಾಮಿ ಕುಣಿದ್ರೆ ಗುಮಾಸ್ತ ದಪ್ಪಕ್ಷರದಲ್ಲಿ ಬರೀತಾನೆ. ಎಲ್ಲಾನೂ ಅಲ್ಲ, ಕಣ್ಣಿಗೆ ಹೊಡೆದದ್ದನ್ನ ಮಾತ್ರ. ಇದೆಲ್ಲ ಸೇರಿ ಲಿಂಬಿಕ್ ವ್ಯವಸ್ಥೆ, ತಿಳೀತಾ?"

ಒಂದು ಸೋಮವಾರ ಮಾಮನ ಸ್ವಂತ ಬಾದಾಮಿಯೇ ಕುಣಿಯಿತು. ಪ್ಯಾಕಿಂಗ್ ಮೇಡಂ, ಗಂಡ ತೀರಿಕೊಂಡು ಹತ್ತು ವರ್ಷವಾದಾಕೆ, ಮಿದುಳೊಂದನ್ನು ಹತ್ತಿಯಲ್ಲಿ ಸುತ್ತುತ್ತಾ ಹೇಳಿದಳು: "ತಂಗಿ ಅವಳ ಊರಿಗೇ ಬಂದುಬಿಡು ಅಂತಿದ್ದಾಳೆ. ಬಾಡಿಗೆ ಮನೆ ಬಿಡ್ತೀನೋ ಇಲ್ವೋ ಅಂತ ಓನರ್‌ಗೆ ಗುರುವಾರದೊಳಗೆ ಹೇಳ್ಬೇಕು. ನೀವು ನನ್ನ ಮದುವೆ ಆಗೋದಾದ್ರೆ ಇಲ್ಲೇ ಇರ್ತೀನಿ. ಏನಂತೀ..."

ಆಮೇಲಿನದರಲ್ಲಿ ಮಾಮನಿಗೆ ನೆನಪಿರುವುದು ಇಷ್ಟೇ: ಆಕೆಯ ಕಿವಿಯ ಹತ್ತಿರ ಅಂಟಿದ್ದ ಒಂದೆಳೆ ಹತ್ತಿ, ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸುತ್ತಿದ್ದ ಗಡಿಯಾರ, ವಾರ್ನಿಷ್ ವಾಸನೆ. ಎಚ್ಚರವಾದಾಗ ತನ್ನ ಕುರ್ಚಿಯಲ್ಲಿ ಬ್ರಷ್ಷನ್ನು ತಲೆಕೆಳಗಾಗಿ ಹಿಡಿದು ಕೂತಿದ್ದ.

ಮೂರು ದಿನ ಮಾಮನ ಕಾಲು ನೆಲದ ಮೇಲಿರಲಿಲ್ಲ. ತನ್ನ ಸ್ಟಾಪು ಬಿಟ್ಟು ಎರಡು ಸ್ಟಾಪು ಮುಂದೆ ಇಳಿದ. ಒಬ್ಬನೇ ನಗುತ್ತಿದ್ದ. ಆದರೆ ಉತ್ತರ? ಮಂಗಳವಾರ ಹೇಳಲೆಂದೇ ಹೋಗಿ "ಈ ಪೆಟ್ಟಿಗೆ ಗಟ್ಟಿಯಿದೆ" ಎಂದು ವಾಪಸ್ಸು ಬಂದ. ಬುಧವಾರ ಬೆನ್ನುಹುರಿಯ ಬಗ್ಗೆ ಹತ್ತು ನಿಮಿಷ ಭಾಷಣ ಬಿಗಿದ. ಆಕೆ ನಗುನಗುತ್ತಾ ಕೇಳಿದಳು. ಕಾರ್ಖಾನೆಯವರೆಲ್ಲ ಅವನನ್ನು ಕಂಡು ಹಲ್ಲು ಕಿರಿಯುತ್ತಿದ್ದರು. ವಾಚ್‌ಮನ್ ಅಂತೂ ಎದ್ದು ನಿಂತು ಸಲಾಮು ಹೊಡೆದ. ತನ್ನ ಪೇಚಾಟ ಎಲ್ಲರಿಗೂ ಗೊತ್ತಾಗಿದೆಯೆಂದು ಮಾಮ ನಾಚಿ ನೀರಾದ.

ಗುರುವಾರ ಬೆಳಿಗ್ಗೆ ಡಾಕ್ಟರಮ್ಮ ಬಂದರು. ಒಂದು ಮಿದುಳು ಬಿಚ್ಚಿದರು, ಇನ್ನೊಂದು ಬಿಚ್ಚಿದರು.

"ಏನ್ರೀ ಇದು? ಬಾದಾಮಿ ಇರ್ಬೇಕಾದ ಕಡೆ ಆಲೂಗಡ್ಡೆ ಇದೆಯಲ್ಲ!"

ಸೋಮವಾರದ ಗುಂಗಿನಲ್ಲಿ ಮಾಮ ಹಚ್ಚಿದ್ದಕ್ಕೇ ಮತ್ತೆ ಮತ್ತೆ ಹಳದಿ ಹಚ್ಚಿದ್ದ. ಮೂವತ್ತು ಮಿದುಳುಗಳ ಬಾದಾಮಿಯೂ ಊದಿಕೊಂಡಿತ್ತು.

"ನನ್ನ ವಿದ್ಯಾರ್ಥಿಗಳು ಇದನ್ನ ಹೊಸ ರೋಗ ಅಂದ್ಕೋತಾರೆ. ಎಲ್ಲಾನೂ ಕೆರೆದು ಮತ್ತೆ ಹಚ್ಚಿ" ಎಂದು ಅವರು ನಡೆದರು.

ಮಾಮ ಕೆರೆಯುತ್ತಾ ಕೂತ. ಹನ್ನೆರಡೂವರೆಗೆ ಕಿಟಕಿಯಿಂದ ನೋಡುತ್ತಾನೆ, ಪ್ಯಾಕಿಂಗ್ ಮೇಡಂ ಚೀಲ ಹಿಡಿದು ಗೇಟಿನ ಕಡೆ ಹೊರಟಿದ್ದಾಳೆ. ಮನೆ ಬಿಡುತ್ತೇನೆಂದು ಹೇಳಲಿಕ್ಕೇ ಹೊರಟಳು! ಕೈಯಲ್ಲಿದ್ದ ಅರ್ಧ ಮಿದುಳಿನ ಸಮೇತ ಮಾಮ ಬಿದ್ದಂಬೀಳ ಮೆಟ್ಟಿಲಿಳಿದು ಓಡಿದ.

"ಮೇಡಂ! ಮನೆ ಬಿಡ್ಬೇಡಿ! ನಾನು... ನಂಗೆ... ಒಪ್ಪಿಗೆ!"

ಆಕೆ ತಿರುಗಿ ನೋಡಿದಳು. "ಅಯ್ಯೋ, ಸೋಮವಾರನೇ ಹೇಳಿದ್ರಲ್ಲ!"

"ನಾನಾ?"

"ನನ್ನ ಮಾತು ಮುಗಿಯೋಕೂ ಬಿಡದೆ ಆಗೋಣ, ಆಗೋಣ ಅಂತ ಕೂಗಿದ್ರಿ. ಮೇಲಿನ ಮಹಡಿಯವರು ಬಗ್ಗಿ ನೋಡಿದ್ರು. ಮನೆ ಬಿಡಲ್ಲ ಅಂತ ಓನರ್‌ಗೆ ಅವತ್ತೇ ಹೇಳಿಬಿಟ್ಟೆ. ಈಗ ಬಾಳೆಹಣ್ಣು ತರೋಕೆ ಹೊರಟಿದೀನಿ."

ಮಾಮ ಕೈಯಲ್ಲಿದ್ದ ಅರ್ಧ ಮಿದುಳನ್ನೇ ನೋಡಿದ. ಜನ್ಮದಲ್ಲಿ ಒಮ್ಮೆ ಆಡಿದ ಧೈರ್ಯದ ಮಾತು, ಅದೂ ಅವನಿಗೇ ನೆನಪಿಲ್ಲ! ನಗು ಬಂತು, ಕಣ್ಣಲ್ಲಿ ನೀರು ಬಂತು, ಜೊತೆಗೆ ಹೊಟ್ಟೆಕಿಚ್ಚೂ ಆಯಿತು. ಮೇಲಿನ ಮಹಡಿಯವರಿಗೆ ಕೇಳಿಸಿದ್ದು ತನಗೊಬ್ಬನಿಗೆ ಕೇಳಿಸಲಿಲ್ಲವಲ್ಲ!

"ಇನ್ನೊಂದು ಸಲ ಕೇಳ್ತೀರಾ?" ಎಂದ.

ಆಕೆ ಚೀಲ ಕೆಳಗಿಟ್ಟು, ನಗು ತಡೆದುಕೊಂಡು, ಮೊದಲಿನಿಂದ ಕೇಳಿದಳು. ಮಾಮ ಈ ಸಲ ಅವಸರ ಮಾಡಲಿಲ್ಲ. ಆಕೆಯ ಮಾತು ಪೂರ್ತಿ ಮುಗಿಯಲು ಬಿಟ್ಟು, ತನ್ನ ದನಿಯನ್ನು ತಾನೇ ಕಿವಿಗೊಟ್ಟು ಕೇಳುತ್ತಾ, "ಆಗೋಣ" ಎಂದ.