ಪತ್ರಿ ಗಿಡದ ಕಪ್ಪು ಚುಕ್ಕೆ

ಬಸವಕಲ್ಯಾಣದ ನಮ್ಮ ಮನೆಯ ಹಿತ್ತಲಲ್ಲಿ ಒಂದು ಪತ್ರಿ ಗಿಡವಿತ್ತು. ಬಿಲ್ವ ಎನ್ನುತ್ತಾರಲ್ಲ, ಅದೇ. ಅತ್ತೆ ಮದುವೆಯಾಗಿ ಹುಮನಾಬಾದಿನಿಂದ ಬರುವಾಗ ತವರಿನ ಅಂಗಳದ ಗೇಣುದ್ದದ ಸಸಿಯೊಂದನ್ನು ಸೆರಗಿನಲ್ಲಿ ಸುತ್ತಿ ತಂದಿದ್ದರಂತೆ. ಆಮೇಲೆ ತವರಿನವರು ಒಬ್ಬೊಬ್ಬರಾಗಿ ತೀರಿಕೊಂಡರು, ಮನೆ ಪರರ ಪಾಲಾಯಿತು. ನಾಗರ ಪಂಚಮಿಗೆ ಓಣಿಯ ಸೊಸೆಯರೆಲ್ಲ ತವರಿಗೆ ಹೊರಟರೆ, ಅತ್ತೆ ಹಿತ್ತಲಿಗೆ ಹೋಗಿ ಗಿಡದ ಕೆಳಗೆ ಕೂತು ಒಂದು ಶೇಂಗಾ ಉಂಡೆ ತಿನ್ನುತ್ತಿದ್ದರು. ಸೊಸೆಯಾಗಿ ಬಂದ ಹೊಸದರಲ್ಲಿ ನಾನು ನಕ್ಕಿದ್ದೆ. ನನಗೆ ನಾಲಿಗೆ ಉದ್ದ, ತಾಳ್ಮೆ ಕಡಿಮೆ, ಏಳನೇ ತರಗತಿ ಓದಿದ ಜಂಬ ಬೇರೆ.

ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಆರೇಳು ವರ್ಷ ಆಗಿದ್ದಿರಬೇಕು. ಒಂದು ಮಳೆಗಾಲ ಗಿಡದ ಎಲೆಗಳ ಮೇಲೆ ಎಳ್ಳಿನಷ್ಟು ಕಪ್ಪು ಚುಕ್ಕೆಗಳು ಕಾಣಿಸಿಕೊಂಡವು. ಸುತ್ತ ಹಳದಿ ಉಂಗುರ. ಚುಕ್ಕೆಗಳು ಬೆಳೆದು ಒಂದಕ್ಕೊಂದು ಕೂಡಿಕೊಂಡು ಎಲೆ ಉದುರತೊಡಗಿತು. ಚುಕ್ಕೆ ಬಿದ್ದ ಪತ್ರಿ ಪೂಜೆಗೆ ಬರುವುದಿಲ್ಲ. ಸೋಮವಾರ ಬುಟ್ಟಿ ಹಿಡಿದು ಬರುತ್ತಿದ್ದ ಹೆಂಗಸರು ಬರುವುದನ್ನೇ ಬಿಟ್ಟರು. ಯಾರದೋ ಕಣ್ಣು ಬಿದ್ದಿದೆಯೆಂದು ಅತ್ತೆ ಗಿಡಕ್ಕೆ ದೃಷ್ಟಿ ತೆಗೆದರು. ಮುಂದಿನ ವರ್ಷ ರೋಗ ಇನ್ನೂ ಜೋರಾಯಿತು. ಕಡಿಸಿಬಿಡೋಣ ಎಂದರು ಮಾವ. ಅತ್ತೆ ಆ ದಿನ ತಟ್ಟೆಯ ರೊಟ್ಟಿ ಮುಟ್ಟದೆ ಎದ್ದರು. ನನಗೆ ಮಾವನ ಮೇಲೆ ಸಿಟ್ಟು ಬಂತು, ಹಿಂದೆ ನಕ್ಕಿದ್ದ ನನ್ನ ಮೇಲೂ ಬಂತು.

ಮರುದಿನ ಸೈಕಲ್ ಮೇಲೆ ಕೊಹಿನೂರು ಹಳ್ಳಿಗೆ ಹೊರಟಿದ್ದ, ರೈತರಿಗೆ ಬೇಸಾಯದ ಸಲಹೆ ಕೊಡುವ ಗ್ರಾಮಸೇವಕರನ್ನು ಓಣಿಯಲ್ಲೇ ತಡೆದು ಹಿತ್ತಲಿಗೆ ಕರೆತಂದೆ. ಅವರು ಎಲೆಯನ್ನು ತಿರುವಿ ತಿರುವಿ ನೋಡಿದರು.

"ಮೊದಲ ಯಾವ ಟೊಂಗಿಗಿ ಬಂತರಿ, ಕೆಳಗಿಂದಕ್ಕೋ ಮ್ಯಾಲಿಂದಕ್ಕೋ?"

"ಕೆಳಗಿಂದಕ್ಕರಿ," ಎಂದೆ.

ಅವರು ಗಿಡದ ಬುಡಕ್ಕೆ ಬೆರಳು ಮಾಡಿದರು. ಅಲ್ಲಿ ಮೊಣಕಾಲೆತ್ತರ ಎಲೆಯ ರಾಶಿ. ಅದು ನಮ್ಮ ಭಕ್ತಿಯ ರಾಶಿ. ಲಿಂಗಕ್ಕೆ ಏರಿಸಿದ ಪತ್ರಿ ಯಾರ ಕಾಲಿಗೂ ಸಿಗಬಾರದೆಂದು ಮರುದಿನ ಗಿಡದ ಬುಡಕ್ಕೇ ಹಾಕುತ್ತಿದ್ದೆವು. ಓಣಿಯವರೂ ತಮ್ಮದನ್ನು ತಂದು ಅಲ್ಲೇ ಹಾಕುತ್ತಿದ್ದರು. ಉದುರಿದ ಎಲೆಗಳನ್ನೂ ಅತ್ತೆ ಕೈಯಿಂದಲೇ ಬಳಿದು ಅದಕ್ಕೆ ಸೇರಿಸುತ್ತಿದ್ದರು.

"ಇದು ಬೂಸರದ ರೋಗರಿ. ಇದರ ಬೀಜ ಈ ರಾಶಿಯಾಗ ಅದ. ಮಳಿ ಹನಿ ಬಿದ್ದು ಸಿಡದರ ಮತ್ತ ಎಲಿಗಿ ಹತ್ತತದ. ಎಲ್ಲಾ ಬಳದು ಸುಟ್ಟಬಿಡ್ರಿ. ಆಮ್ಯಾಲ ಮೈಲುತುತ್ತ, ಸುಣ್ಣದ ನೀರು ಕೂಡಿಸಿ ಹೊಡೀರಿ."

ಬಾಗಿಲ ಮರೆಯಲ್ಲಿದ್ದ ಅತ್ತೆ ನನ್ನನ್ನು ಕರೆದು ಮೆಲ್ಲಗೆ ಕೇಳಿದರು: "ನನ್ನ ತವರಿಗಿ ನಾನ ಬೆಂಕಿ ಹಚ್ಚಲೇನವ್ವಾ?"

"ಹಾಂಗಾದ್ರ ಕಡಿಸೇ ಬಿಡ್ರಿ!" ಎಂದುಬಿಟ್ಟೆ. ಅವರ ಮುಖ ನೋಡಿ ನನ್ನ ನಾಲಿಗೆ ಬಿದ್ದುಹೋಗಲಿ ಅನ್ನಿಸಿತು.  ಅತ್ತೆ ತಾವೇ ಹೊರಗೆ ಬಂದು ಗ್ರಾಮಸೇವಕರನ್ನು ಕೇಳಿದರು.

"ನಮ್ಮ ಮಂದಿನ ನಾವು ಸುಡ್ತೀವೇನ್ರಿ? ಮಣ್ಣಿಗಿ ಕೊಡ್ತೀವಿ. ಇದನ್ನೂ ಮಣ್ಣಿಗಿ ಕೊಟ್ರ ನಡೀತದೇನು?"

ಗ್ರಾಮಸೇವಕರು ಒಂದು ಗಳಿಗೆ ಯೋಚಿಸಿದರು. "ನಡೀತದ ತಾಯಿ. ಆದ್ರ ಗಿಡದಿಂದ ದೂರ ಹೂಳ್ರಿ, ಆಳ ಇರಲಿ."

ಊರಾಚೆಯ ನಮ್ಮ ಹೊಲದಲ್ಲಿ ಗುಂಡಿ ತೋಡಿಸಿದೆವು. ಬುಟ್ಟಿ ಹೊತ್ತು ನಾನೂ ಅತ್ತೆಯೂ ಎರಡು ದಿನ ತಿರುಗಿದೆವು. ನಾನು ಬುಟ್ಟಿ ಬೋರಲು ಹಾಕಲು ಹೋದರೆ ಅತ್ತೆ ಬಿಡಲಿಲ್ಲ. ಗುಂಡಿಯ ಅಂಚಿಗೆ ಕೂತು ಹಿಡಿ ಹಿಡಿಯಾಗಿ ಇಳಿಸಿದರು. ಮನೆಗೆ ಬಂದು ಒಂದು ಮಣ್ಣಿನ ಗಡಿಗೆಯಲ್ಲಿ ಮೈಲುತುತ್ತ, ಇನ್ನೊಂದರಲ್ಲಿ ಸುಣ್ಣ ಕಲಸಿ ಒಂದುಗೂಡಿಸಿದೆವು. ಚಾಕು ಅದ್ದಿ ನೋಡಬೇಕಿತ್ತು. ಅದು ಕೆಂಪಾದರೆ ತುತ್ತ ಹೆಚ್ಚಾಗಿದೆಯೆಂದು ಅರ್ಥ, ಇನ್ನಷ್ಟು ಸುಣ್ಣ ಬೇಕು. ಔಷಧಿ ಬಿದ್ದ ಎಲೆಯನ್ನು ಲಿಂಗಕ್ಕೆ ಏರಿಸಲು ಅತ್ತೆಗೆ ಮನಸ್ಸಾಗಲಿಲ್ಲ. ಆ ವರ್ಷವಿಡೀ ವಿಭೂತಿಯಲ್ಲೇ ಪೂಜೆ ಮುಗಿಸಿದರು.

ಬುಡಕ್ಕೆ ಪತ್ರಿ ಹಾಕಲು ಬಂದವರನ್ನು ಗದರಿಸುವ ಕೆಲಸ ನನ್ನ ಪಾಲಿಗೆ ಬಂತು, ಅದು ನನಗೆ ಚೆನ್ನಾಗಿಯೇ ಒಗ್ಗಿತು. ಓಣಿಯ ಪತ್ರಿಯೆಲ್ಲ ಹೊಲದ ಗುಂಡಿಗೆ ಹೋಗತೊಡಗಿತು. ಮೂರನೆಯ ಮಳೆಗಾಲಕ್ಕೆ ಗಿಡ ದಟ್ಟವಾಯಿತು, ಸೋಮವಾರದ ಬುಟ್ಟಿಗಳು ಮರಳಿದವು. ರೋಗ ಪೂರ್ತಿ ಹೋಗಲಿಲ್ಲ. ಪ್ರತಿ ಮಳೆಗೆ ಅಲ್ಲೊಂದು ಇಲ್ಲೊಂದು ಚುಕ್ಕೆ ಕಂಡರೆ ನಾವಿಬ್ಬರೂ ಹುಡುಕಿ ಕಿತ್ತು ಹಾಕುತ್ತಿದ್ದೆವು. ಆ ಹೊತ್ತಿನಲ್ಲೇ ಅತ್ತೆ ನನಗೆ ಹುಮನಾಬಾದಿನ ಮನೆಯ ಕಥೆಗಳನ್ನು ಹೇಳುತ್ತಿದ್ದರು.

ಎಂಬತ್ತರ ದಶಕದಲ್ಲಿ ಅತ್ತೆ ಹೋದರು. ಹೊಲದಲ್ಲಿ ಎಲ್ಲಿ ಅಗೆಯಬೇಕೆಂದು ಗಂಡಸರು ಮಾತಾಡಿಕೊಳ್ಳುತ್ತಿದ್ದಾಗ ನಾನು ಎಲೆ ಹೂತ ಜಾಗದ ಪಕ್ಕವನ್ನು ತೋರಿಸಿದೆ. ಅಲ್ಲೇ ಅಗೆದರು.

ಆ ದಿನ ಬೆಳಿಗ್ಗೆ ಪತ್ರಿ ಕೀಳುವಾಗ ಒಂದೊಂದು ಎಲೆಯನ್ನೂ ತಿರುವಿ ಚುಕ್ಕೆ ನೋಡಿದ್ದೆ. ಕೈಗೆ ಅದೇ ರೂಢಿ. ನಮ್ಮ ಪದ್ಧತಿಯಂತೆ ಅವರನ್ನು ಗುಂಡಿಯಲ್ಲಿ ಕೂರಿಸಿದ ಮೇಲೆ ಬಾಗಿ ಆ ಎಲೆಗಳನ್ನು ಅವರ ಸೆರಗಿನಲ್ಲಿ ಹಾಕಿದೆ.

"ತವರು ಇಲ್ಲೇ ಬಾಜೂಕ ಅದರಿ, ಅತ್ತಿ," ಎಂದೆ.