ಪರದೆಯ ಹಿಂದಿನ ಕಿವಿ

ಬೀದರದ ಹೊರಗಿನ ಚಿದ್ರಿಯಲ್ಲಿ ಅಬ್ದುಲ ಸಮದ ಮಿಸ್ತ್ರಿಯ ಕಿವಿಗೆ ದೊಡ್ಡ ಹೆಸರಿತ್ತು. ಲಾರಿ ಬಂದು ಬಾಗಿಲಲ್ಲಿ ನಿಲ್ಲುವುದರೊಳಗೆ ಅದರ ರೋಗ ಹೇಳಿಬಿಡುತ್ತಾನೆ ಎನ್ನುತ್ತಿದ್ದರು ಜನ. ಆ ಕಿವಿ ಅವನದಲ್ಲ ಎಂಬುದು ಅವನ ಹೆಂಡತಿ ಗೌಹರಳಿಗೆ ಮಾತ್ರ ಗೊತ್ತಿತ್ತು.

ಮದುವೆಗೆ ಮುಂಚೆಯೇ ಒಂದು ಲಾರಿಯ ಸೈಲೆನ್ಸರ್ ಅವನ ತಲೆಯ ಪಕ್ಕದಲ್ಲೇ ಸಿಡಿದಿತ್ತು. ಅಂದಿನಿಂದ ಎಡಗಿವಿ ಕಲ್ಲು, ಬಲಗಿವಿಯಲ್ಲಿ ಅರ್ಧ. ಕಿವುಡ ಮಿಸ್ತ್ರಿಯ ಹತ್ತಿರ ಗಾಡಿ ತರುವವರು ಯಾರು? ಗೌಹರಳ ತಂದೆ ಭಾಲ್ಕಿಯ ಹತ್ತಿ ಜಿನ್ನಿಂಗ್ ಗಿರಣಿಯಲ್ಲಿ ಎಣ್ಣೆ ಇಂಜಿನ್ ನೋಡಿಕೊಳ್ಳುತ್ತಿದ್ದವನು. ಆ ಇಂಜಿನ್ನಿನ ಗೋಡೆಯ ಆಚೆಗೇ ತೊಟ್ಟಿಲು ಕಟ್ಟಿಸಿಕೊಂಡು ಬೆಳೆದ ಹುಡುಗಿ ಅದರ ಸದ್ದು ತುಸು ತಪ್ಪಿದರೂ ನಿದ್ದೆಯಿಂದ ಏಳುತ್ತಿದ್ದಳು. ಹಾಗಾಗಿ ಮದುವೆಯಾದ ಮೇಲೆ ಅಂಗಳದ ಕೆಲಸದ ಜಾಗಕ್ಕೂ ಅಡುಗೆಮನೆಗೂ ನಡುವೆ ಒಂದು ಗೋಣಿತಟ್ಟಿನ ಪರದೆ ಬಿತ್ತು. ಹೊರಗೆ ಸಮದ ಇಂಜಿನ್ ಚಾಲೂ ಇಟ್ಟು ಸ್ಕ್ರೂ ತಿರುಗಿಸುವನು. ಒಳಗೆ ಗೌಹರ ಗೋಡೆಗೆ ಬಟ್ಟಲು ಬಡಿಯುವಳು. ಗೋಡೆಗೆ ಕೈಯಿಟ್ಟ ಅವನಿಗೆ ಅದು ಬೆರಳಿನಲ್ಲಿ ತಿಳಿಯುತ್ತಿತ್ತು. ಒಂದು ಏಟಿಗೆ ಬಿಗಿ ಮಾಡು, ಎರಡಕ್ಕೆ ಸಡಿಲಿಸು, ಮೂರಕ್ಕೆ ಸಾಕು. ಒಳಗೆ ಹೆಂಗಸರು ಅಡುಗೆ ಮಾಡುತ್ತಿದ್ದಾರೆ ಎಂದುಕೊಂಡ ಗಿರಾಕಿಗಳು ಮಿಸ್ತ್ರಿಗೆ ಸಲಾಮು ಹೊಡೆದು ಹೋಗುತ್ತಿದ್ದರು.

1948ರ ಬೇಸಿಗೆ ಕಳೆದ ಮೇಲೆ ನಿಜಾಮನ ಪರವಾಗಿ ಬಡಿದಾಡುತ್ತಿದ್ದ ರಜಾಕಾರರು ಕಂಡ ಕಂಡ ಮೋಟಾರನ್ನೆಲ್ಲ ಎಳೆದೊಯ್ಯತೊಡಗಿದರು. ಭಾಲ್ಕಿಯ ವಕೀಲ ದತ್ತಾತ್ರಿಯವರ ಬಳಿ ಒಂದು ಅಮೆರಿಕದ ಗಾಡಿಯಿತ್ತು. ಅದಕ್ಕೆ ಕ್ಲಚ್ಚಿಲ್ಲ, ಲಿವರ್ ಒಮ್ಮೆ ಹಾಕಿದರೆ ಗೇರು ತಾನೇ ಬದಲಾಗುತ್ತದೆ. ಅದನ್ನು ಹೇಗಾದರೂ ಉಳಿಸಿಕೊಡು ಎಂದು ಅವರು ಸಮದನ ಕೈ ಹಿಡಿದರು. ಅವನು ಭಾಲ್ಕಿಗೆ ಹೋಗಿ, ಎಲ್ಲರನ್ನೂ ಹೊರಗೆ ಕಳಿಸಿ, ಗಾಡಿಯ ಜೊತೆ ಒಂದು ತಾಸು ಒಬ್ಬನೇ ಇದ್ದು ಬಂದ.

"ಅದರ ಉಸಿರು ಕದ್ದು ಬಂದೀನಿ," ಎಂದು ನಗುತ್ತ ಊಟಕ್ಕೆ ಕುಳಿತಿದ್ದ. "ಚಾಲೂ ಆಗ್ತದ. ಲಿವರ್ ಹಾಕಿದ್ರ ಸಾಯ್ತದ. ಎಂಥಾ ಹಕೀಮ ಬಂದ್ರೂ ಸಿಗಂಗಿಲ್ಲ."

ಏನು ಮಾಡಿದೆ ಎಂದು ಅವಳು ಕೇಳಲಿಲ್ಲ. ಎರಡು ತಿಂಗಳ ಕೂಸು ಹಾಲು ಕಕ್ಕಿತ್ತು, ಅವಳ ಜೀವವೆಲ್ಲ ಅಲ್ಲಿತ್ತು. ರಜಾಕಾರರು ಬಂದರು, ಗಾಡಿ ಅವರ ಕೈಯಲ್ಲಿ ಹತ್ತು ಸಲ ನಡುಗಿ ಹತ್ತು ಸಲ ನಿಂತಿತು. ಒದ್ದು ಬಿಟ್ಟು ಹೋದರು.

ಸೆಪ್ಟೆಂಬರಿನಲ್ಲಿ ಸಮದ ಹಿಟ್ಟಿನ ಗಿರಣಿಯ ಇಂಜಿನ್ ದುರಸ್ತಿಗೆ ಔರಾದಕ್ಕೆ ಹೋದ. ಅದೇ ವಾರ ಹಿಂದುಸ್ತಾನದ ಫೌಜು ಬಂತು. ಐದು ದಿನದಲ್ಲಿ ನಿಜಾಮನ ಸರ್ಕಾರ ಮುಗಿಯಿತು. ಅದರ ಬೆನ್ನಿಗೇ ಹಳ್ಳಿಗಳಲ್ಲಿ ಸೇಡಿನ ದಿನಗಳು ಬಂದವು. ಸಮದನಂಥ ಹೆಸರಿನ ಗಂಡಸರಿಗೆ ಯಾವ ದಾರಿಯೂ ದಾರಿಯಾಗಿ ಉಳಿಯಲಿಲ್ಲ. ಅವನು ತಿರುಗಿ ಬರಲಿಲ್ಲ.

ಹದಿನಾಲ್ಕು ತಿಂಗಳು ಕಳೆದವು. ಓಣಿಯಲ್ಲಿ ಅರ್ಧ ಜನ ಬಳೆ ತೆಗಿ ಎಂದರು, ಅರ್ಧ ಜನ ತೆಗೆದರೆ ಅಪಶಕುನ ಎಂದರು. ಗೌಹರ ತೆಗೆಯಲಿಲ್ಲ. ಆದರೆ ತಾನು ಯಾರು, ಹೆಂಡತಿಯೋ ವಿಧವೆಯೋ, ಇಷ್ಟನ್ನು ತಿಳಿಯದೆ ಒಂದು ಮುಂಜಾನೆಯೂ ನೆಮ್ಮದಿಯಿಂದ ಎದ್ದವಳಲ್ಲ. ಔರಾದದ ಕಡೆ ಹೋಗಿ ವಿಚಾರಿಸೋಣವೆಂದರೆ ಜೊತೆಗೆ ಬರುವವರಿಲ್ಲ, ಕಂಕುಳಲ್ಲಿ ಕೂಸು.

ಅಂಥ ಒಂದು ಬೆಳಿಗ್ಗೆ ವಕೀಲರ ಗಾಡಿಯೇ ಬಾಗಿಲಿಗೆ ಬಂದು ನಿಂತಿತು. ಒಳಗಿಂದ ವಕೀಲರ ಹೆಂಡತಿ ಕುಮುದಿನಿ ಇಳಿದಳು. ಡ್ರೈವರ್ ಗೋರಖನಾಥ ಬೆವರು ಒರೆಸಿಕೊಂಡ.

"ಎರಡೂ ಕಾಲಿನಿಂದ ತಂದೀನ್ರಿ ಭಾಬಿ. ಒಂದು ಕಾಲು ಬ್ರೇಕಿನ ಮ್ಯಾಲ, ಒಂದು ಪೆಟ್ರೋಲಿನ ಮ್ಯಾಲ. ಕಾಲು ತಗದ್ರ ಇದು ಕುರಿಯಂಗ ನಡಗಿ ಬಂದ್ ಬೀಳ್ತದ. ಹೈದರಾಬಾದಿನ ಮಿಸ್ತ್ರಿ ಬಂದಿದ್ದ. ಪ್ಲಗ್ಗು ಬದಲಿಸಿದ, ಕಾರ್ಬುರೇಟರ್ ಬಿಚ್ಚಿದ, ಮೂರು ದಿನ ನಮ್ಮ ಬಾಯಿಸಾಬರ ಕೈಯಾಗಿನ ತುಪ್ಪ ತಿಂದ. ಅಂವ ದಪ್ಪ ಆದ, ಗಾಡಿ ಹಂಗೇ ಅದ."

"ಬಾಯಿ ಮುಚ್ಚೋ ಗೋರಖ್ಯಾ," ಎಂದಳು ಕುಮುದಿನಿ. ಒಳಗೆ ಬಂದು ಮಗುವಿನ ಹಣೆ ಮುಟ್ಟಿ ನೋಡಿದಳು. "ಗೌಹರಬೀ, ಮಿಸ್ತ್ರಿಯವರು ಏನ್ ಮಾಡಿದ್ರು ಅಂತ ನಿಮಗೇನರೆ ಹೇಳ್ಯಾರೇನ್ರಿ?"

"ಹೇಳಿಲ್ರಿ. ಆದ್ರ ಕೇಳಿ ನೋಡ್ತೀನಿ."

"ಕೇಳಿ?"

"ಗಾಡಿಗೆ ಕೇಳ್ತೀನ್ರಿ. ಒಂದು ಮಾತು ಬಾಯಿಸಾಬ್. ಇದು ಸುಧಾರಿಸಿದ್ರ, ಇದೇ ಗಾಡಿನಾಗ ನನ್ನ ಔರಾದಕ್ಕ ಕರಕೊಂಡು ಹೋಗ್ಬೇಕು."

ಕುಮುದಿನಿ ಅವಳ ಕೈಯ ಬಳೆ ನೋಡಿದಳು, ತಲೆಯಾಡಿಸಿದಳು.

ಗೌಹರ ಪರದೆಯ ಹಿಂದೆ ಕುಳಿತಳು. ಬಟ್ಟಲಿನ ಭಾಷೆ ತಿಳಿಯುವವನು ಹೊರಗಿರಲಿಲ್ಲ, ಗಂಟಲನ್ನೇ ಎತ್ತಬೇಕಾಯಿತು. ಮಗುವಿಗೆ ಹೊಗೆ ತಾಗೀತೆಂದು ಸೆರಗಿನಿಂದ ಅದರ ಮೂಗು ಮುಚ್ಚಿ, "ಚಾಲೂ ಮಾಡ್ರಿ ಅಣ್ಣಾ," ಎಂದು ಕೂಗಿದಳು.

ಗಾಡಿ ನಿಂತಲ್ಲೇ ಒದರಾಡಿತು. ಒಂದು ಪ್ಲಗ್ ಸತ್ತಿದ್ದರೆ ಕುಂಟನ ನಡಿಗೆಯ ಹಾಗೆ ಲೆಕ್ಕಕ್ಕೆ ಸರಿಯಾಗಿ ತಪ್ಪುತ್ತದೆ. ಇದರ ತಪ್ಪಿಗೆ ಲೆಕ್ಕವೇ ಇರಲಿಲ್ಲ. "ಜೋರು ಮಾಡ್ರಿ," ಎಂದಳು. ಜೋರಾದ ಕೂಡಲೇ ನಡುಕ ಹೋಗಿ ಸದ್ದು ರೇಷ್ಮೆಯಂತಾಯಿತು. ಇಳಿಸಿದರೆ ಮತ್ತೆ ಅದೇ ಗೋಳು.

"ಪ್ಲಗ್ಗಿನ ರೋಗ ಅಲ್ರಿ ಇದು. ಎಲ್ಲೋ ಕಳ್ಳದಾರಿಯಿಂದ ಹವಾ ಒಳಗ ಹೋಗ್ಲಿಕತ್ತದ. ಜೋರಿದ್ದಾಗ ಅಷ್ಟು ಹವಾ ಲೆಕ್ಕಕ್ಕಿಲ್ಲ. ಸಾವಕಾಶ ಇದ್ದಾಗ ಅದೇ ಹೆಚ್ಚಾಗ್ತದ. ಕಾರ್ಬುರೇಟರಿನ ಬುಡಕ್ಕ ಹಸಿ ಬಟ್ಟಿ ಸುತ್ರಿ."

ಗೋರಖನಾಥ ಸುತ್ತಿದ. ಸದ್ದು ಬದಲಾಗಲಿಲ್ಲ. ಕೆಳಗಿನ ಜೋಡಣೆಗಳಿಗೆಲ್ಲ ಒಂದೊಂದಾಗಿ ಹಚ್ಚಿದ. ಅಲ್ಲೂ ಇಲ್ಲ. ಗೌಹರ ಕಣ್ಣು ಮುಚ್ಚಿದಳು. ನಡುಕದ ಅಡಿಯಲ್ಲಿ ಸಣ್ಣದೊಂದು ಸುಯ್ಲು ಇತ್ತು, ನಿದ್ದೆಯಲ್ಲಿ ಮೂಗು ಕಟ್ಟಿದ ಕೂಸಿನಂಥದು. ಅದು ಇಂಜಿನ್ನಿನಿಂದ ಬರುತ್ತಿರಲಿಲ್ಲ, ತುಸು ಹಿಂದಿನಿಂದ, ಗಾಜಿನ ಕಡೆಯಿಂದ.

"ಮಳಿ ಒರಸೋ ಕಡ್ಡಿ ಯಾತರಿಂದ ನಡೀತದ್ರಿ?"

"ಇಂಜಿನ್ ಎಳಿಯೋ ಹವಾದಿಂದನೇ. ರಬ್ಬರ್ ಪೈಪ್ ಹೋಗ್ಯಾದ."

"ನಡಸ್ರಿ."

ಕಡ್ಡಿಗಳು ಗಾಜಿನ ಮೇಲೆ ಒಂದು ಗೇಣು ತೆವಳಿ ನಿಂತವು.

"ಈಗ ಆ ಪೈಪು ಇಂಜಿನ್ನಿನ ಬುಡದಾಗ ಹಿಸುಕಿ ಹಿಡೀರಿ."

ನಡುಕ ನಿಂತಿತು. ಗಾಡಿ ಇದೆಯೋ ಇಲ್ಲವೋ ಎಂಬಷ್ಟು ಮೆತ್ತಗೆ ಓಡತೊಡಗಿತು.

"ಅರೆ ಬಾಪ್ ರೇ!" ಎಂದ ಗೋರಖನಾಥ. "ಭಾಬಿ, ಮಿಸ್ತ್ರಿ ನೀವೋ ಅವರೋ?"

ಅವನು ಗಾಜಿನ ಕೆಳಗೆ ಕೈ ತೂರಿಸಿ ಪೈಪು ಎಳೆದ. ಯಾರ ಕಣ್ಣಿಗೂ ಬೀಳದ ಬದಿಯಲ್ಲಿ ಸಮದ ಅದನ್ನು ಬ್ಲೇಡಿನಿಂದ ಸೀಳಿದ್ದ, ಸೀಳು ಕಾಣದಂತೆ ಹಸಿರು ಬಟ್ಟೆಯ ಪಟ್ಟಿಯೊಂದನ್ನು ಸಡಿಲವಾಗಿ ಸುತ್ತಿದ್ದ. ಪರದೆಯ ಸಂದಿಯಿಂದ ಗೌಹರ ಗುರುತು ಹಿಡಿದಳು, ಅದು ತನ್ನ ಹಳೆಯ ದುಪಟ್ಟಾದ್ದು. ಗಂಡನ ಕೈಗೆಲಸದ ಕೊನೆಯ ಗುರುತನ್ನು ತಾನೇ ಕಂಡುಹಿಡಿದು ಕೆಡಿಸಿದೆನಲ್ಲ ಎನಿಸಿತು ಅವಳಿಗೆ. ಗೋರಖನಾಥ ಕೆಟ್ಟ ಭಾಗವನ್ನು ಕತ್ತರಿಸಿ ತುದಿಗಳನ್ನು ಜೋಡಿಸಿದ.

ಮರುದಿನ ಬೆಳಿಗ್ಗೆ ಔರಾದಕ್ಕೆ ಹೊರಟರು. ಮಗುವಿನ ಕಿವಿಗೆ ಗಾಳಿ ಹೊಗದಂತೆ ಗೌಹರ ಎರಡು ಟೋಪಿ ಹಾಕಿದ್ದಳು, ಆದರೂ ದಾರಿಯುದ್ದಕ್ಕೂ ಅದರ ಕೆನ್ನೆ ಮುಟ್ಟಿ ಮುಟ್ಟಿ ನೋಡಿದಳು. ಗಿರಣಿಯವನು, ಫೌಜು ಬಂದ ಸುದ್ದಿ ಕೇಳಿ ಮಿಸ್ತ್ರಿ ಬೀದರದ ದಾರಿ ಹಿಡಿದ, ಇಷ್ಟೇ ಗೊತ್ತು ಎಂದ. ಆ ದಾರಿಯ ಪ್ರತಿ ಹಟ್ಟಿಯ ಮುಂದೆ ನಿಲ್ಲಿಸಿ ಕೇಳುತ್ತ ಬಂದರು. ಆರನೆಯದೋ ಏಳನೆಯದೋ ಹಟ್ಟಿಯಲ್ಲಿ ಕುರಿ ಕಾಯುವ ಮುದುಕ ಮಡೆಪ್ಪ ಕೋಲೂರಿಕೊಂಡು ಹತ್ತಿರ ಬಂದ.

"ಚಿದ್ರಿ ಮಿಸ್ತ್ರಿ ಮನಿಯವಳೇನವ್ವಾ ನೀ?"

"ಹೌದು ಕಾಕಾ."

ಅವನು ಅಲ್ಲೇ ನೆಲಕ್ಕೆ ಕುಳಿತ. "ನನ್ನ ಕುರಿ ದೊಡ್ಡಿನಾಗ ಇಟ್ಟುಕೊಂಡಿದ್ದೆ ತಂಗಿ. ಯಾರಿಗೂ ಕಾಣಲಾರ್ದಂಗ ಉಣ್ಣೆ ಹೊಚ್ಚಿ. ಮಳಿ ಹಿಡದಿತ್ತು, ಜ್ವರ ಬಂತು. ವೈದ್ಯರ ಕಡಿ ಒಯ್ಯಲೇನು ಅಂದೆ. ಬ್ಯಾಡ ಕಾಕಾ, ನನ್ನ ಜೋಡಿ ನಿನ್ನೂ ಹೊಡೀತಾರ ಅಂದ. ನಿಮ್ಮ ಜನರ ರೀತಿ ನನಗ ಬರಂಗಿಲ್ಲ. ಪಶ್ಚಿಮಕ್ಕ ಮಾರಿ ಮಾಡ್ತಾರಂತ ಕೇಳಿದ್ದೆ, ಹಂಗೇ ಮಾಡಿ ಮಣ್ಣು ಮಾಡೀನಿ."

"ಯಾವತ್ತು ಕಾಕಾ?"

"ಹೋದ ವರ್ಷ, ದಸರಾಕ್ಕಿಂತ ಮುಂಚಿನ ಅಮಾಸಿಗೆ ಎರಡು ದಿನ ಇತ್ತು."

"ವರ್ಷದ ಮ್ಯಾಲಾತು, ಸುಮ್ಮನಿದ್ರೆಲ್ರಿ!" ಎಂದಳು ಕುಮುದಿನಿ ತಡೆಯಲಾರದೆ.

"ಅಂಜಿದೆನವ್ವಾ. ನೀನೇ ಕೊಂದಿ ಅಂದ್ರ ಏನಂತ ಹೇಳ್ಲಿ?"

ಅವನು ತೋರಿಸಿದ ಮಣ್ಣಿನ ಮೇಲೆ ಹುಲ್ಲು ಬೆಳೆದಿತ್ತು. ಗೌಹರ ಅಲ್ಲಿ ದುವಾ ಓದಿದಳು. ಅಳು ಬರಲಿಲ್ಲ. ಅಳುವುದಕ್ಕೆ ಮುಂದೆ ದಿನಗಳಿವೆ, ವಿಧವೆಗೆ ಧರ್ಮವೇ ಹಾಕಿಕೊಟ್ಟ ನಾಲ್ಕು ತಿಂಗಳು ಹತ್ತು ದಿನದ ಇದ್ದತ್ ಇದೆ. ಬಾಗಿಲು ಮುಚ್ಚಿ, ಬಣ್ಣ ಬಿಟ್ಟು, ಅವನಿಗಾಗಿ ಕುಳಿತುಕೊಳ್ಳುತ್ತೇನೆ ಎಂದುಕೊಂಡಳು.

ಬೀದರಕ್ಕೆ ಬಂದವಳೇ ಕಾಜಿಯವರ ಮನೆಗೆ ಹೋಗಿ ಬಾಗಿಲ ಮರೆಯಲ್ಲಿ ನಿಂತು, ಯಾವತ್ತಿನಿಂದ ಕೂಡಬೇಕು ಎಂದು ಕೇಳಿದಳು. ಮುದಿ ಕಾಜಿ ಬೆರಳು ಮಡಿಚಿ ದಿನಗಳನ್ನು ಎಣಿಸಿದರು.

"ಇದ್ದತ್ ಸುದ್ದಿ ಬಂದ ದಿನದಿಂದ ಅಲ್ಲಮ್ಮಾ, ಸತ್ತ ದಿನದಿಂದ. ನಿನ್ನದು ಹೋದ ಫೆಬ್ರವರಿನಾಗೇ ಮುಗದದ."

"ನಾ ಕೂತೇ ಇಲ್ಲಲ್ರಿ ಹಜರತ್."

"ಕೂಡದಿದ್ರೂ ಮುಗದದ. ಗೊತ್ತಿರಲಿಲ್ಲ, ನಿನ್ನ ಮ್ಯಾಲ ತಪ್ಪಿಲ್ಲ. ಮನೀಗೆ ಹೋಗು ಬೇಟಿ."

ಅವಳು ಮನೆಗೆ ನಡೆದಳು. ಅವನು ಮಣ್ಣಾಗಿ ಎರಡು ವಾರವೂ ಆಗಿರದ ಹೋದ ವರ್ಷದ ಬಕ್ರೀದಿಗೆ ತಾನು ಕೈತುಂಬ ಮೆಹಂದಿ ಹಚ್ಚಿಕೊಂಡು, ಬಂದರೆ ಬರಿಗೈ ಕಾಣಬಾರದೆಂದು ಕೆಂಪು ಉಟ್ಟು ಬಾಗಿಲಲ್ಲಿ ಕುಳಿತಿದ್ದು ನೆನಪಾಯಿತು. ಫೆಬ್ರವರಿಯಲ್ಲಿ ಇದ್ದತ್ ಮುಗಿದ ಆ ದಿನ ತಾನು ಏನು ಮಾಡುತ್ತಿದ್ದೆ ಎಂದು ನೆನೆಸಲು ನೋಡಿದಳು. ಮಗುವಿಗೆ ಕೆಮ್ಮಿತ್ತೋ, ಹಾಲು ಒಡೆದಿತ್ತೋ, ಯಾರ ಜೊತೆಗೋ ನಕ್ಕಿದ್ದಳೋ. ಎಷ್ಟು ನೆನೆಸಿದರೂ ಆ ದಿನ ಸಿಗಲಿಲ್ಲ.